ಅವರ ಸಂಸ್ಕೃತಿಯಂತೆ, ಮಣ್ಣಂತೆ!

ಟೋಕಿಯೋಗೆ ಟಿಕೆಟ್ ಬುಕ್ ಮಾಡಿದ ದಿನ ಆಫೀಸಿನ ಊಟದ ಟೇಬಲ್ ಮುಂದೆ ಒಂದು ಸಣ್ಣ ಪಂಚಾಯ್ತಿಯೇ ನಡೆದುಹೋಯಿತು. "ತಲೆ ಕೆಟ್ಟಿದ್ಯಾ ಗುರೂ? ಐದು ವರ್ಷದ್ದೊಂದು, ಎರಡು ವರ್ಷದ್ದೊಂದು. ಅವೆರಡನ್ನೂ ಕಟ್ಕೊಂಡು ಟೋಕಿಯೋ ಸುತ್ತುತೀಯಾ?" ಅಂದ ಒಬ್ಬ. "ಆ ವಯಸ್ಸಿಗೆ ಏನ್ ನೆನಪಿರತ್ತೆ ಮಕ್ಕಳಿಗೆ? ದುಡ್ಡು ದಂಡ. ಸ್ವಲ್ಪ ದೊಡ್ಡವಾಗ್ಲಿ, ಆಮೇಲೆ ಹೋಗು" ಅಂದ ಇನ್ನೊಬ್ಬ. ಮೂರನೆಯವನು ಸ್ವಲ್ಪ ಉದಾರಿ. "ಹೋಗೋದೇ ಆದ್ರೆ ಡಿಸ್ನಿಲ್ಯಾಂಡಿಗೆ ಎರಡು ದಿನ ಇಟ್ಕೋ. ಮಿಕ್ಕಿದ್ದು ನಿನ್ ಹಣೆಬರಹ."

ಹತ್ತು ದಿನ ಇದ್ದು ವಾಪಸ್ ಬಂದೆ. ಅದೇ ಟೇಬಲ್, ಅದೇ ಜನ, ಅದೇ ಅನ್ನ ಸಾರು. ಕಂಡದ್ದನ್ನೆಲ್ಲ ಹೇಳಿದೆ. ಒಂದನೇ ಕ್ಲಾಸಿನ ಮಕ್ಕಳು ಅಪ್ಪ ಅಮ್ಮ ಇಲ್ಲದೆ ಸ್ಕೂಲಿಗೆ ನಡೆದು ಹೋಗೋದು, ಅಮ್ಮಂದಿರು ಹಿಂದೊಂದು ಮುಂದೊಂದು ಮಗು ಕೂರಿಸಿಕೊಂಡು ಸೈಕಲ್ ತುಳಿಯೋದು, ಗಂಡಸರ ಟಾಯ್ಲೆಟ್ಟಿನಲ್ಲೂ ಮಗುವಿನ ಡಯಾಪರ್ ಬದಲಿಸೋಕೆ ಹಲಗೆ ಇರೋದು. ಎಲ್ಲ ಕೇಳಿಸಿಕೊಂಡ ಮೇಲೆ ಒಬ್ಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ: "ಅದು ಅವರ ಸಂಸ್ಕೃತಿ ಕಣೋ. ನಮ್ ಜನಕ್ಕೆ ಅದೆಲ್ಲ ಬರಲ್ಲ ಬಿಡು." ಉಳಿದವರು ತಲೆಯಾಡಿಸಿದರು. ಮಜ್ಜಿಗೆ ಕುಡಿದು ಎಲ್ಲರೂ ಎದ್ದು ಹೋದರು.

ನನಗೆ ಮಾತ್ರ ಆ ಮಾತು ಮುಳ್ಳಿನ ಹಾಗೆ ಗಂಟಲಲ್ಲೇ ಉಳಿಯಿತು. ಹೋಗುವ ಮುಂಚೆ "ಮಕ್ಕಳನ್ನು ಕಟ್ಕೊಂಡು ದೊಡ್ಡ ಊರಿಗಾ?" ಅಂದರು. ಬಂದ ಮೇಲೆ "ಅದು ಅವರ ಸಂಸ್ಕೃತಿ" ಅಂದರು. ಯೋಚನೆ ಮಾಡಿ ನೋಡಿದರೆ ಎರಡೂ ಮಾತಿನ ಬೇರು ಒಂದೇ. ಮಕ್ಕಳು ಅಂದ್ರೆ ಅಪ್ಪ ಅಮ್ಮನ ತಲೆನೋವು, ಊರಿಗೆ ಅದರಲ್ಲಿ ಯಾವ ಪಾಲೂ ಇಲ್ಲ. ಎಲ್ಲಾದರೂ ಇದ್ದರೆ ಅದು ಅಲ್ಲಿನವರ ರಕ್ತದಲ್ಲೇ ಬಂದಿದ್ದು, ನಾವೇನೂ ಮಾಡೋ ಹಾಗಿಲ್ಲ. ಈ ಲೇಖನ ಬರೀತಿರೋದು ಆ ಬೇರಿಗೆ ಒಂದು ಗುದ್ದಲಿ ಹಾಕೋಕೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನಾನು ಅರಸೀಕೆರೆ ಕಡೆಯ ಒಂದು ಹಳ್ಳಿಯವನು. ನಮ್ಮೂರಿಂದ ಸ್ಕೂಲು ಎರಡು ಕಿಲೋಮೀಟರ್. ಆರನೇ ವಯಸ್ಸಿನಿಂದ ನಾನೂ ನಮ್ಮ ಕೇರಿಯ ನಾಲ್ಕು ಹುಡುಗರೂ ನಡ್ಕೊಂಡೇ ಹೋಗ್ತಿದ್ದೆವು. ರಸ್ತೆಯಲ್ಲಿ ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಎತ್ತಿನ ಗಾಡಿಗಳು. ತಾತನಿಗೆ ಬೀಡಿ, ಅವ್ವನಿಗೆ ಕಡ್ಡಿಪೆಟ್ಟಿಗೆ, ಕಾಲು ಕೇಜಿ ಬೆಲ್ಲ ಅಂತ ಅಂಗಡಿಗೆ ಓಡೋದು ನನ್ನದೇ ಡ್ಯೂಟಿ. ದನ ಮನೆಗೆ ಬರೋ ಹೊತ್ತಿಗೆ ನಾವೂ ಬರಬೇಕು, ಅಷ್ಟೇ ಕಾನೂನು. ಇದನ್ನೆಲ್ಲ ನಾನು ಬಡತನದ ಕಥೆ ಅಂತಲೇ ಹೇಳಿಕೊಂಡು ತಿರುಗುತ್ತಿದ್ದೆ. ಬಿಇ ಮುಗಿಸಿ ಬೆಂಗಳೂರಿಗೆ ಬಂದು, ಸಂಬಳ, ಫ್ಲಾಟು, ಕಾರು ಆದಮೇಲೆ, "ನನ್ ಮಕ್ಕಳಿಗೆ ಆ ಕಷ್ಟ ಇಲ್ಲಪ್ಪ" ಅಂತ ಸಮಾಧಾನವಾಗಿದ್ದೆ.

ಆ ಸಮಾಧಾನ ಮುರಿದು ಬಿದ್ದದ್ದು ನಿಶಿ-ಕಸಾಯ್‌ನಲ್ಲಿ.

ನಿಶಿ-ಕಸಾಯ್ ಅಂದರೆ ಟೋಕಿಯೋದ ಪೂರ್ವಕ್ಕಿರುವ ಎಡೋಗಾವಾ ವಾರ್ಡಿನ ಒಂದು ಬಡಾವಣೆ. 2000ದ ಆಸುಪಾಸಿನಲ್ಲಿ, ವೈಟುಕೆ ಕೆಲಸದ ಕಾಲದಿಂದಲೇ ನಮ್ಮ ದೇಶದ ಸಾಫ್ಟ್‌ವೇರ್ ಜನ ಹೋಗಿ ನೆಲೆ ನಿಂತ ಜಾಗ. ತೊಗರಿಬೇಳೆ, ಕರಿಬೇವು, ಸಾಸಿವೆ ಎಲ್ಲ ಸಿಗುತ್ತೆ. ನನ್ನ ಬಾಮೈದ ಅಲ್ಲೇ ಕೆಲಸದಲ್ಲಿದ್ದಾನೆ. ಹಾಗಾಗಿ ಕಳೆದ ನವೆಂಬರಿನಲ್ಲಿ ನಮ್ಮ ನಾಲ್ಕು ಜನರ ದಂಡು ಅವನ ಪುಟ್ಟ ಫ್ಲಾಟಿನಲ್ಲಿ ಇಳಿಯಿತು.

ಮೊದಲ ದಿನ ಬೆಳಿಗ್ಗೆ ಕಾಫಿ ಹಿಡಿದುಕೊಂಡು ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಹಳದಿ ಟೋಪಿ ಹಾಕಿಕೊಂಡ ಪುಟಾಣಿಗಳು, ಬೆನ್ನ ಮೇಲೆ ತಮಗಿಂತ ಅಗಲವಾದ ಬ್ಯಾಗು ಹೊತ್ತು, ದೊಡ್ಡ ಕ್ಲಾಸಿನ ಹುಡುಗರ ಹಿಂದೆ ಸಾಲಾಗಿ ಹೋಗುತ್ತಿದ್ದವು. ರಸ್ತೆ ದಾಟುವ ಕಡೆ ವಯಸ್ಸಾದ ಒಬ್ಬರು ಹಳದಿ ಬಾವುಟ ಹಿಡಿದು ನಿಂತಿದ್ದರು. ಅಪ್ಪ ಇಲ್ಲ, ಅಮ್ಮ ಇಲ್ಲ, ಸ್ಕೂಲ್ ವ್ಯಾನಿಲ್ಲ. ಸುಮಾರು 1.4 ಕೋಟಿ ಜನ ಇರುವ ಊರಿನಲ್ಲಿ, ನನ್ನ ಹಳ್ಳಿಯ ರಸ್ತೆ ನಡೆದು ಹೋಗುತ್ತಿತ್ತು! ಅವತ್ತು ಸಂಜೆ ಕಂಬದ ಮೇಲಿನ ಸ್ಪೀಕರಿನಿಂದ ಒಂದು ಇಂಪಾದ ರಾಗ ಕೇಳಿಸಿತು. "ಭೂಕಂಪ ಗೀಕಂಪ ಆದ್ರೆ ಎಚ್ಚರಿಕೆ ಕೊಡೋ ಸ್ಪೀಕರ್ ಭಾವ. ಕೆಟ್ಟಿದೆಯೋ ಇಲ್ವೋ ನೋಡೋಕೆ ದಿನಾ ಸಂಜೆ ಹಾಡು ಹಾಕ್ತಾರೆ. ಮಕ್ಕಳಿಗೆ ಅದೇ ಮನೆಗೆ ಹೋಗೋ ಟೈಮು" ಅಂದ ಬಾಮೈದ. ನಮ್ಮೂರಲ್ಲಿ ದನ ಬರೋ ಹೊತ್ತು, ಇಲ್ಲಿ ಸ್ಪೀಕರ್ ಹಾಡು. ಅಷ್ಟೇ ವ್ಯತ್ಯಾಸ.

ನಾನು ಬಡತನ ಅಂದುಕೊಂಡಿದ್ದನ್ನು ಜಗತ್ತಿನ ಅತಿ ದೊಡ್ಡ ನಗರವೊಂದು ತನ್ನ ಮಕ್ಕಳಿಗೆ ಆಸ್ತಿ ಅಂತ ಜೋಪಾನ ಮಾಡಿ ಇಟ್ಟುಕೊಂಡಿದೆ. ನಾನೇ ನನ್ನ ಮಗಳ ಕೈಯಿಂದ ಅದನ್ನು ಕಿತ್ತುಕೊಂಡು, ಬದಲಿಗೆ ಸ್ಕೂಲ್ ವ್ಯಾನು ಮತ್ತು ಟ್ಯಾಬ್ ಕೊಟ್ಟು, ಬೀಗಿದ್ದೇನೆ.

ಈಗ "ಸಂಸ್ಕೃತಿ"ಯ ವಿಷಯಕ್ಕೆ ಬರೋಣ.

1970ರಲ್ಲಿ ಜಪಾನಿನ ರಸ್ತೆಗಳಲ್ಲಿ ಸತ್ತವರು 16,765 ಜನ. ಅಲ್ಲಿನವರು ಆ ಕಾಲವನ್ನು ಕರೆದದ್ದೇ "ಟ್ರಾಫಿಕ್ ಯುದ್ಧ" ಅಂತ. 2023ರಲ್ಲಿ ಸತ್ತವರು 2,678. ಗಾಡಿಗಳು ಹಲವು ಪಟ್ಟು ಹೆಚ್ಚಿದ ಮೇಲೂ ಸಾವು ಆರನೇ ಒಂದು ಭಾಗಕ್ಕೆ ಇಳಿದಿದೆ. ನಮ್ಮಲ್ಲಿ 2022ರ ಒಂದೇ ವರ್ಷದ ಲೆಕ್ಕ 1,68,491. ಸಂಸ್ಕೃತಿವಾದಿಗಳಿಗೆ ನನ್ನ ಪ್ರಶ್ನೆ ಇಷ್ಟೇ: 1970ರಲ್ಲಿ ಜಪಾನೀಯರಿಗೆ ಸಂಸ್ಕೃತಿ ಇರಲಿಲ್ವಾ? ಆಮೇಲೆ ಅಂಗಡಿಯಲ್ಲಿ ಕೊಂಡು ತಂದರಾ? ಸಾವಿರಾರು ವರ್ಷದ ಅದೇ ಜನ, ಅದೇ ಬುದ್ಧ, ಅದೇ ತಲೆ ಬಗ್ಗಿಸುವ ನಮಸ್ಕಾರ. ಬದಲಾದದ್ದು ಕಾನೂನು, ರಸ್ತೆ, ದುಡ್ಡು ಎಲ್ಲಿ ಖರ್ಚಾಗಬೇಕು ಅನ್ನೋ ತೀರ್ಮಾನ. 1970ರಲ್ಲೇ ರಸ್ತೆ ಸುರಕ್ಷತೆಗೆ ಅಂತ ಮೂಲ ಕಾಯ್ದೆ ಒಂದನ್ನು ತಂದರು. ಫುಟ್‌ಪಾತ್, ತಡೆಬೇಲಿ, ಸಿಗ್ನಲ್ಲು, ಮಕ್ಕಳು ಸ್ಕೂಲಿಗೆ ಹೋಗುವ ದಾರಿಗೆ ವಿಶೇಷ ಕಾಳಜಿ, ಎಲ್ಲವೂ ಒಂದಾದ ಮೇಲೊಂದು ಬಂದವು. ಮಕ್ಕಳಿಗೆ ರಸ್ತೆ ಕಲಿಸೋಕೆ ಅಂತಲೇ ಟ್ರಾಫಿಕ್ ಪಾರ್ಕುಗಳನ್ನು ಕಟ್ಟಿದರು. ಎಡೋಗಾವಾದಲ್ಲೇ ಇಮಾಯಿ ಅನ್ನುವ ಕಡೆ ಒಂದಿದೆ. ಪುಟ್ಟ ರಸ್ತೆ, ಪುಟ್ಟ ಸಿಗ್ನಲ್ಲು, ತುಳಿಯೋಕೆ ಪುಟ್ಟ ಗಾಡಿ. ನನ್ನ ಮಗಳು ಕೆಂಪು ದೀಪಕ್ಕೆ ನಿಲ್ಲೋದನ್ನು ಅಲ್ಲಿ ಅರ್ಧ ದಿನದಲ್ಲಿ ಕಲಿತಳು. ಅವಳದೂ ಜಪಾನೀ ರಕ್ತವಾ?

ಇನ್ನೊಂದು ವಿಷಯ ಹೇಳಿದರೆ ನಂಬಲ್ಲ ನೀವು. ಟೋಕಿಯೋದ ಎಷ್ಟೋ ಗಲ್ಲಿಗಳಲ್ಲಿ ಫುಟ್‌ಪಾತೇ ಇಲ್ಲ. ಅಂಚಿನಲ್ಲಿ ಒಂದು ಬಿಳಿ ಗೆರೆ, ಅಷ್ಟೇ. ನಮ್ಮ ಬೆಂಗಳೂರಿನ ಹಳೇ ಬಡಾವಣೆಯ ಕ್ರಾಸುಗಳಿಗಿಂತ ಇಕ್ಕಟ್ಟು. ಆದರೂ ಅಜ್ಜಿಯರು ಕೋಲೂರಿಕೊಂಡು, ಮಕ್ಕಳು ಕುಣಿದುಕೊಂಡು ನಡುರಸ್ತೆಯಲ್ಲೇ ಹೋಗುತ್ತಾರೆ. ಯಾಕೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಹೊಳೆಯಿತು: ರಸ್ತೆ ಬದಿಯಲ್ಲಿ ಒಂದೇ ಒಂದು ಕಾರು ನಿಂತಿಲ್ಲ!

ಇದರ ಹಿಂದೆ 1962ರ ಒಂದು ಕಾಯ್ದೆ ಇದೆ. ಕಾರು ಕೊಳ್ಳಬೇಕಾ? ಮೊದಲು ಅದನ್ನು ನಿಲ್ಲಿಸೋಕೆ ರಸ್ತೆ ಬಿಟ್ಟು ಬೇರೆ ಜಾಗ ಇದೆ ಅಂತ ತೋರಿಸು. ಆ ಜಾಗ ಮನೆಯಿಂದ ಎರಡು ಕಿಲೋಮೀಟರ್ ಒಳಗಿರಬೇಕು. ಪೊಲೀಸರು ಸರ್ಟಿಫಿಕೇಟ್ ಕೊಟ್ಟರೆ ಕಾರಿನ ರಿಜಿಸ್ಟ್ರೇಷನ್, ಇಲ್ಲದಿದ್ದರೆ ಇಲ್ಲ. ರಾತ್ರಿ ಹೊತ್ತು ಸತತ ಎಂಟು ತಾಸು ರಸ್ತೆ ಮೇಲೆ ಬಿಟ್ಟರೆ ಅಪರಾಧ. ಕಾರು ನಿನ್ನದು ಅಂದಮೇಲೆ ಅದರ ಜಾಗದ ಖರ್ಚೂ ನಿನ್ನದು, ರಸ್ತೆ ಊರಿನದು. 2011ರಿಂದ ಮನೆಗಳಿರುವ ಎಷ್ಟೋ ಏರಿಯಾಗಳಿಗೆ ಗಂಟೆಗೆ 30 ಕಿಲೋಮೀಟರ್ ಮಿತಿ ಹಾಕಿ "ಝೋನ್ 30" ಅಂತ ಮಾಡುತ್ತಾ ಬಂದಿದ್ದಾರೆ. ಗೋಡೆಯ ಹಾಗೆ ನಿಂತ ಕಾರುಗಳಿಲ್ಲ, ಹಾಗಾಗಿ ಡ್ರೈವರಿಗೆ ಮಗು ಕಾಣುತ್ತೆ, ಮಗುವಿಗೆ ಗಾಡಿ ಕಾಣುತ್ತೆ.

"ಅವರ ಹತ್ರ ದುಡ್ಡಿದೆ ಸ್ವಾಮಿ" ಅನ್ನೋರು ಇದ್ದೀರಲ್ಲ, 1962ರ ಜಪಾನ್ ಇವತ್ತಿನ ಜಪಾನ್ ಆಗಿರಲಿಲ್ಲ. ಸೋತು ಸುಣ್ಣವಾದ ಯುದ್ಧ ಮುಗಿದು ಹದಿನೇಳು ವರ್ಷವಾಗಿತ್ತು, ಮೊದಲ ಬುಲೆಟ್ ಟ್ರೈನು ಇನ್ನೂ ಓಡಿರಲಿಲ್ಲ. ಆಮೇಲೆ, ಈ ಕಾನೂನಿಗೆ ಸರ್ಕಾರಕ್ಕೆ ತಗಲುವ ಖರ್ಚಾದರೂ ಏನು? ಕಾಗದ, ಸೀಲು, ಇಂಕು. ಬೇಕಾಗಿರೋದು ಕಾರಿರುವ ನಮ್ಮಂಥವರಿಗೆ "ಆಗಲ್ಲ" ಅನ್ನೋ ಧೈರ್ಯ.

ಹಾಗಂತ ಟೋಕಿಯೋ ಜನ ದೇವರಂಥವರು ಅಂದುಕೊಂಡರೆ ಅದೂ ತಪ್ಪು. ಒಂದು ದಿನ ನನ್ನ ಪೆದ್ದುತನದಿಂದ ಬೆಳಿಗ್ಗೆ ಎಂಟು ಗಂಟೆಗೆ, ಆಫೀಸಿಗೆ ಹೋಗೋರ ಟೈಮಿನಲ್ಲಿ, ಸ್ಟ್ರೋಲರ್ ಸಮೇತ ಟ್ರೈನ್ ಹತ್ತಿಬಿಟ್ಟೆ. ಉಸಿರಾಡೋಕೆ ಜಾಗ ಇಲ್ಲ. ಮಗ ಅಳೋಕೆ ಶುರು ಮಾಡಿದ. ಪಕ್ಕದಲ್ಲಿದ್ದ ಸೂಟು ಬೂಟಿನವನು ನಾಲಿಗೆ ಲೊಚಗುಟ್ಟಿದ. ಕೂತವರು ಯಾರೂ ತಲೆ ಎತ್ತಲಿಲ್ಲ, ಎಲ್ಲರ ಕಣ್ಣೂ ಫೋನಿನಲ್ಲಿ. "ರೀ, ಇಳಿಯೋಣ" ಅಂದಳು ಹೆಂಡತಿ. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಒಂಬತ್ತೂವರೆ ತನಕ ಬೆಂಚಿನ ಮೇಲೆ ಕೂತೆವು.

ಕೂತಲ್ಲೇ ಒಂದು ಮಾತು ಹೊಳೆಯಿತು. ಇದೇ ಬೆಂಗಳೂರಿನ ಸಿಟಿ ಬಸ್ಸಾಗಿದ್ದರೆ? ಯಾರೋ ಗುರುತಿಲ್ಲದ ಹೆಂಗಸು, "ಕೊಡಮ್ಮ ಇಲ್ಲಿ ಮಗೂನ" ಅಂತ ಮಗನನ್ನು ತೊಡೆ ಮೇಲೆ ಕೂರಿಸಿಕೊಂಡಿರುತ್ತಿದ್ದಳು. ಸಂಚಿಯಿಂದ ಒಂದು ಬಿಸ್ಕತ್ತೂ ಬಂದಿರುತ್ತಿತ್ತು. ಮಕ್ಕಳನ್ನು ಕಂಡರೆ ಕರಗುವ ಸಂಸ್ಕೃತಿ ನಿಜವಾಗಿ ಇರೋದು ನಮ್ಮಲ್ಲಿ! ಆದರೆ ಆ ಬಸ್ಸಿನಿಂದ ಇಳಿದ ತಕ್ಷಣ ಚರಂಡಿ ಮೇಲಿನ ಒಡೆದ ಕಲ್ಲು, ಫುಟ್‌ಪಾತ್ ಮೇಲೆ ನುಗ್ಗುವ ಬೈಕು, ಕೆಟ್ಟು ನಿಂತ ಲಿಫ್ಟು. ಟೋಕಿಯೋದ ಆ ಸ್ಟೇಷನ್ನಿನಲ್ಲಿ ಸೂಟಿನವನು ಮುಖ ಸಿಂಡರಿಸಿದ, ನಿಜ. ಆದರೆ ಲಿಫ್ಟು ಕೆಲಸ ಮಾಡುತ್ತಿತ್ತು. ಟಾಯ್ಲೆಟ್ಟಿನಲ್ಲಿ ಗೋಡೆಗೆ ಮಗುವನ್ನು ಕೂರಿಸುವ ಪುಟ್ಟ ಕುರ್ಚಿ ಇತ್ತು. ಆರು ತುಂಬದ ಮಕ್ಕಳಿಗೆ ಟಿಕೆಟ್ಟಿಲ್ಲ, ಒಬ್ಬ ದೊಡ್ಡವರ ಜೊತೆ ಇಬ್ಬರು ಪುಕ್ಕಟೆ. ಜನ ಕೈ ಕೊಟ್ಟಾಗಲೂ ಊರು ಕೈ ಬಿಡಲಿಲ್ಲ. ನಮ್ಮಲ್ಲಿ ಜನ ಕೈ ಹಿಡೀತಾರೆ, ಊರು ಕೈ ಬಿಡುತ್ತೆ. ಅವರ ಸಂಸ್ಕೃತಿ ನಮ್ಮ ಸಂಸ್ಕೃತಿ ಅಂತ ತೂಗೋ ಮೇಧಾವಿಗಳು ಈ ಲೆಕ್ಕಕ್ಕೆ ಉತ್ತರ ಕೊಡಲಿ.

ಆ ಲಿಫ್ಟು ಕೂಡ ಆಕಾಶದಿಂದ ಉದುರಿದ್ದಲ್ಲ. 2000ದಲ್ಲಿ, ಮತ್ತೆ 2006ರಲ್ಲಿ ಅದಕ್ಕಂತಲೇ ಕಾಯ್ದೆ ಮಾಡಿದರು. ಗಾಲಿಕುರ್ಚಿಯವರು, ವಯಸ್ಸಾದವರು ಸ್ಟೇಷನ್ನಿನಲ್ಲಿ ಓಡಾಡುವ ಹಾಗಿರಬೇಕು ಅಂತ. ಸ್ಟ್ರೋಲರ್ ತಳ್ಳುವ ನಮಗೂ ಅದರ ಲಾಭ. 2023ರ ಮಾರ್ಚಿನಿಂದ ಟೋಕಿಯೋದ ಹಲವು ರೈಲು ಕಂಪನಿಗಳು ಟಿಕೆಟ್ಟಿಗೆ 10 ಯೆನ್ ಸೇರಿಸಿ, ಆ ದುಡ್ಡನ್ನು ಲಿಫ್ಟಿಗೂ ಪ್ಲಾಟ್‌ಫಾರ್ಮ್ ಬಾಗಿಲಿಗೂ ಹಾಕುತ್ತಿವೆ. ಹತ್ತು ಯೆನ್ ಅಂದರೆ ಐದಾರು ರೂಪಾಯಿ. ಅವತ್ತು ನಾಲಿಗೆ ಲೊಚಗುಟ್ಟಿದನಲ್ಲ, ಆ ಸೂಟಿನ ಮಹಾಶಯನೂ ನನ್ನ ಮಗನ ಲಿಫ್ಟಿಗೆ ಹತ್ತು ಯೆನ್ ಕೊಟ್ಟೇ ಟ್ರೈನ್ ಹತ್ತಿದ್ದ. ಅವನಿಗೆ ನನ್ನ ಮಗನ ಮೇಲೆ ಪ್ರೀತಿ ಇರಬೇಕಾದ ಅಗತ್ಯವೇ ಇರಲಿಲ್ಲ.

ಇಷ್ಟೆಲ್ಲ ಸುಮ್ಮನೆ ಬಂತಾ? ಇಲ್ಲ ಸ್ವಾಮಿ, ಅಮ್ಮಂದಿರು ಬೈದು, ಕೂಗಿ, ಜಗಳ ಮಾಡಿ ತಂದರು.

ಹಿಂದೊಂದು ಮುಂದೊಂದು ಮಗು ಕೂರಿಸುವ ಸೈಕಲ್ ಅಂದೆನಲ್ಲ. 2008ರಲ್ಲಿ ಪೊಲೀಸರು ಅದು ಅಪಾಯ, ಮೂರು ಜನ ಕೂರೋದನ್ನು ಗಟ್ಟಿಯಾಗಿ ತಡೀತೀವಿ ಅಂತ ಹೊರಟಿದ್ದರು. ಎರಡು ಮಕ್ಕಳ ಅಮ್ಮಂದಿರು ಮತ್ತೆ ಹೇಗೆ ಓಡಾಡೋದು ಅಂತ ಗಲಾಟೆ ಎದ್ದಿತು. ಕೊನೆಗೆ 2009ರ ಜುಲೈನಲ್ಲಿ, ಗಟ್ಟಿಮುಟ್ಟಾಗಿ ಅದಕ್ಕಂತಲೇ ತಯಾರಾದ ಸೈಕಲ್ಲಾದರೆ ಇಬ್ಬರು ಪುಟ್ಟ ಮಕ್ಕಳನ್ನು ಕೂರಿಸಬಹುದು ಅಂತ ನಿಯಮ ಸಡಿಲವಾಯಿತು. ಟ್ರೈನಿನಲ್ಲಿ ಸ್ಟ್ರೋಲರ್ ಮಡಚಬೇಕೋ ಬೇಡವೋ ಅಂತ ಅಲ್ಲಿ ವರ್ಷಗಟ್ಟಲೆ ಜಗಳ. "ಅಡ್ಡ" ಅಂತ ಬೈದವರೂ ಸಾಕಷ್ಟಿದ್ದರು. 2014ರಲ್ಲಿ ಸರ್ಕಾರವೇ ಮುಂದೆ ನಿಂತು, ಮಡಚಬೇಕಾಗಿಲ್ಲ ಅಂತ ತೀರ್ಮಾನಿಸಿ, ಒಂದು ಸ್ಟ್ರೋಲರ್ ಗುರುತು ಅಂಟಿಸಿತು. ಮಕ್ಕಳ ಗಲಾಟೆ ತಡೆಯೋಕೆ ಆಗಲ್ಲ ಅಂತ ಶಿಶುವಿಹಾರಗಳ ವಿರುದ್ಧ ದೂರು ಕೊಡುವ ನೆರೆಹೊರೆಯವರು ಟೋಕಿಯೋದಲ್ಲಿ ಬೇಕಾದಷ್ಟು ಜನ. ಎಷ್ಟು ಅಂದರೆ, 2015ರಲ್ಲಿ ಟೋಕಿಯೋ ಆಡಳಿತ ಪುಟ್ಟ ಮಕ್ಕಳ ದನಿಯನ್ನು ಶಬ್ದಮಾಲಿನ್ಯದ ಮಿತಿಯಿಂದ ಹೊರಗಿಡೋಕೆ ನಿಯಮವನ್ನೇ ತಿದ್ದಬೇಕಾಯಿತು. ಯೋಚನೆ ಮಾಡಿ, "ಮಕ್ಕಳ ಸದ್ದು ಗದ್ದಲವಲ್ಲ" ಅಂತ ಕಾನೂನು ಹೇಳಬೇಕಾಗಿ ಬಂದ ಸಮಾಜ ಅದು!

2016ರ ಫೆಬ್ರವರಿಯಲ್ಲಿ ಹೆಸರು ಹಾಕದ ಒಂದು ಬ್ಲಾಗ್ ಬರಹ ಬಂತು. ಮಗುವಿಗೆ ಶಿಶುವಿಹಾರದಲ್ಲಿ ಸೀಟು ಸಿಗಲಿಲ್ಲ, ಇನ್ನು ಕೆಲಸಕ್ಕೆ ಹೋಗೋದು ಹೇಗೆ ಅಂತ ಒಬ್ಬ ತಾಯಿ ದೇಶಕ್ಕೇ ಹಿಡಿಶಾಪ ಹಾಕಿದ್ದಳು. ಆ ಬೈಗುಳ ಪಾರ್ಲಿಮೆಂಟಿನಲ್ಲಿ ಪ್ರಸ್ತಾಪವಾಯಿತು. ಬರೆದದ್ದು ಯಾರು ಅಂತಲೇ ಗೊತ್ತಿಲ್ಲವಲ್ಲ ಅನ್ನೋ ಮಾತು ಬಂದಾಗ, ತಾಯಂದಿರು ಪಾರ್ಲಿಮೆಂಟ್ ಮುಂದೆ ಬೋರ್ಡು ಹಿಡಿದು ನಿಂತರು: ಸೀಟು ಸಿಗದವಳು ನಾನೇ ಅಂತ. ಸಹಿ ಸಂಗ್ರಹ ಆಯಿತು. 2017ರಲ್ಲಿ ಆ ದೇಶದಲ್ಲಿ ಸೀಟಿಗೆ ಕಾಯುತ್ತಿದ್ದ ಮಕ್ಕಳು 26 ಸಾವಿರದ ಮೇಲೆ, 2023ರಲ್ಲಿ 2,680. ಹುಟ್ಟುವ ಮಕ್ಕಳೇ ಕಡಿಮೆಯಾದದ್ದೂ ಅದಕ್ಕೆ ಒಂದು ಕಾರಣ, ಒಪ್ಪುತ್ತೇನೆ. ಆದರೆ ಶಿಶುವಿಹಾರ ಕಟ್ಟಿದ್ದೂ ಸುಳ್ಳಲ್ಲ. ಒಂದು ಬ್ಲಾಗ್ ಬರಹದ ಕೋಪ ಅಷ್ಟು ದೂರ ಹೋಯಿತು. ನಾವೂ ಬ್ಲಾಗ್ ಬರೀತೀವಿ, ಪ್ರವಾಸದ ಫೋಟೋ ಹಾಕ್ತೀವಿ!

ಈಗ ನೀವು ಕೇಳಬಹುದು, "ಅಷ್ಟು ಚೆನ್ನಾಗಿದ್ರೆ ಅಲ್ಲಿ ಯಾರೂ ಮಕ್ಕಳನ್ನೇ ಹೆರ್ತಿಲ್ವಲ್ಲ?" ಸರಿಯಾದ ಪ್ರಶ್ನೆ. 2023ರಲ್ಲಿ ಟೋಕಿಯೋದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ ಮಕ್ಕಳು 0.99. ಒಂದಕ್ಕಿಂತ ಕೆಳಗೆ! ನನ್ನ ಬಾಮೈದನ ಟೀಮಿನಲ್ಲಿ ರಾತ್ರಿ ಹತ್ತಕ್ಕೆ ಮನೆಗೆ ಹೋಗುವ ಅಪ್ಪಂದಿರಿದ್ದಾರೆ. ಮಗು ಮಲಗಿದ ಮೇಲೆ ಮನೆಗೆ ಹೋಗಿ, ಏಳುವ ಮುಂಚೆ ಹೊರಡುತ್ತಾರೆ. ಬಾಡಿಗೆ ದುಬಾರಿ, ಮನೆ ಚಿಕ್ಕದು, ಕೆಲಸ ಬಿಟ್ಟ ಅಮ್ಮನಿಗೆ ಮತ್ತೆ ಅದೇ ಮಟ್ಟದ ಕೆಲಸ ಸಿಗೋದು ಕಷ್ಟ. ರಸ್ತೆ ಸರಿ ಮಾಡಿದ ಊರು ಆಫೀಸನ್ನು ಸರಿ ಮಾಡಲಿಲ್ಲ. ಇದೂ ಸಂಸ್ಕೃತಿಯ ಮಹಿಮೆಯಲ್ಲ, ಮಾಡಬೇಕಾಗಿದ್ದ ತೀರ್ಮಾನ ಮಾಡದೇ ಹೋದದ್ದರ ಫಲ. ನನ್ನ ವಾದಕ್ಕೆ ಇದು ಎದುರಲ್ಲ, ಬೆಂಬಲ. ಮಾಡಿದ್ದು ಆಗಿದೆ, ಮಾಡದೇ ಬಿಟ್ಟದ್ದು ಆಗಿಲ್ಲ.

ಇನ್ನು "ಏನ್ ನೆನಪಿರತ್ತೆ ಮಕ್ಕಳಿಗೆ" ಅನ್ನೋ ಗೆಳೆಯನಿಗೆ ಉತ್ತರ. ನಾವು ಡಿಸ್ನಿಲ್ಯಾಂಡಿಗೆ ಹೋಗಲೇ ಇಲ್ಲ. ಮನೆ ಹತ್ತಿರದ ಗ್ಯೋಸೆನ್ ಪಾರ್ಕಿನಲ್ಲಿ ವಾರ್ಡಿನವರೇ ನಡೆಸುವ ಪುಟ್ಟ ಮೃಗಾಲಯ ಇದೆ. ರೆಡ್ ಪಾಂಡಾ, ಪೆಂಗ್ವಿನ್ ಎಲ್ಲ ಇವೆ, ಟಿಕೆಟ್ಟಿಲ್ಲ. ಮೂರು ಸಲ ಹೋದೆವು. ಉಯೆನೋ ಮೃಗಾಲಯ ದೊಡ್ಡದು, 1882ರದ್ದು. ದೊಡ್ಡವರಿಗೆ 600 ಯೆನ್, ಪ್ರೈಮರಿ ಸ್ಕೂಲಿನ ತನಕ ಮಕ್ಕಳಿಗೆ ಪುಕ್ಕಟೆ. ಕಸದ ಡಬ್ಬಿ ಮಾತ್ರ ಎಲ್ಲೂ ಸಿಗಲ್ಲ, ಮಗನ ಡಯಾಪರುಗಳನ್ನು ಇಡೀ ದಿನ ಬೆನ್ನ ಮೇಲೆ ಹೊತ್ತು ಟೋಕಿಯೋ ದರ್ಶನ ಮಾಡಿದ್ದೇನೆ.

ಆದರೆ ಮಗಳಿಗೆ ನೆನಪಿರೋದು ಪೆಂಗ್ವಿನ್ನೂ ಅಲ್ಲ. ಪುಟ್ಟ ಮಕ್ಕಳು ಮೊದಲ ಸಲ ಒಬ್ಬರೇ ಅಂಗಡಿಗೆ ಹೋಗೋದನ್ನು ತೋರಿಸುವ ಜಪಾನೀ ಟಿವಿ ಕಾರ್ಯಕ್ರಮ ಒಂದಿದೆ, 1991ರಿಂದ ಬರ್ತಿದೆ. ನೆಟ್‌ಫ್ಲಿಕ್ಸಿನಲ್ಲೂ ಬಂತು, ನಿಮ್ಮಲ್ಲಿ ಕೆಲವರು ನೋಡಿರಬಹುದು. ಬಾಮೈದ ಅದನ್ನು ಹಾಕಿದ್ದ. ನೋಡಿದ ಮಗಳು ಹಟ ಹಿಡಿದಳು: "ನಾನೂ ಹೋಗ್ತೀನಿ." ಮನೆ ಎದುರಿನ ಗಲ್ಲಿಯಾಚೆಗೇ ಒಂದು ಸಣ್ಣ ಅಂಗಡಿ. ನೂರರ ಮೂರು ನಾಣ್ಯ ಕೈಗೆ ಕೊಟ್ಟು "ಹಾಲು ತಗೊಂಡು ಬಾ" ಅಂದೆವು. ನಾನು ಬಾಲ್ಕನಿಯಲ್ಲಿ ಉಸಿರು ಹಿಡಿದು ನಿಂತೆ. ಗಲ್ಲಿಯ ಅಂಚಿನಲ್ಲಿ ನಿಂತಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಟ್ರಾಫಿಕ್ ಪಾರ್ಕಿನಲ್ಲಿ ಕಲಿತ ಹಾಗೆ ಕೈ ಮೇಲೆತ್ತಿ ದಾಟಿದಳು. ಐದು ನಿಮಿಷಕ್ಕೆ ಹಾಲಿನ ಡಬ್ಬವನ್ನು ಎದೆಗವಚಿಕೊಂಡು, ಚಿಲ್ಲರೆಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದುಕೊಂಡು ವಾಪಸ್ ಬಂದಳು. ಆ ಮುಖ ನೋಡಬೇಕಿತ್ತು ನೀವು. ಐದು ವರ್ಷದಲ್ಲಿ ನಾನು ಅವಳಿಗೆ ಎಷ್ಟೋ ಆಟಿಕೆ ಕೊಡಿಸಿದ್ದೇನೆ, ಆ ಮುಖ ಒಂದಕ್ಕೂ ಬಂದಿರಲಿಲ್ಲ. ಹೆಂಡತಿ ಏನೂ ಮಾತಾಡದೆ ಆ ಹಾಲಲ್ಲಿ ಎಲ್ಲರಿಗೂ ಕಾಫಿ ಮಾಡಿದಳು.

ಬೆಂಗಳೂರಿಗೆ ಬಂದ ಮಾರನೇ ದಿನ ಬೆಳಿಗ್ಗೆ ಹಾಲಿರಲಿಲ್ಲ. "ನಾನು ತರ್ತೀನಿ ಅಪ್ಪಾ!" ಅಂತ ಆಗಲೇ ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ. ಅಂಗಡಿ ನಮ್ಮ ಗೇಟಿನಿಂದ ಎಂಬತ್ತು ಹೆಜ್ಜೆ. "ಬೇಡ ಪುಟ್ಟಿ, ನಾನೂ ಬರ್ತೀನಿ" ಅಂದೆ. "ಅಲ್ಲಿ ಮಾತ್ರ ಒಬ್ಳೇ ಹೋಗಬಹುದಾ? ಇಲ್ಲಿ ಯಾಕಿಲ್ಲ?" ಉತ್ತರ ಹೇಳದೆ ಕೈ ಹಿಡಿದುಕೊಂಡು ಹೊರಟೆ. ಗೇಟು ದಾಟಿದ ಕೂಡಲೇ ರಸ್ತೆ ಬದಿ ಪೂರ್ತಿ ಆಕ್ರಮಿಸಿಕೊಂಡು ಒಂದು ಬೂದುಬಣ್ಣದ ಕಾರು. ಅದನ್ನು ಸುತ್ತಬೇಕಾದರೆ ನಡುರಸ್ತೆಗೆ ಇಳಿಯಲೇಬೇಕು. ಇಳಿದೆವು. ಹಿಂದಿನಿಂದ ಒಂದು ಟೆಂಪೋ ಹಾರನ್ ಬಾರಿಸಿಕೊಂಡು ಬಂತು, ಮಗಳನ್ನು ತೋಳು ಹಿಡಿದು ಎಳೆದುಕೊಂಡೆ. ಅವಳಿಗೆ ನೋವಾಯಿತು, ಅತ್ತಳು.

ಆ ಬೂದುಬಣ್ಣದ ಕಾರು ಯಾರದ್ದು ಗೊತ್ತಾ? ನನ್ನದೇ.

ನಮ್ಮ ಫ್ಲಾಟಿಗೆ ಒಂದೇ ಪಾರ್ಕಿಂಗ್. ಅದರಲ್ಲಿ ಹೆಂಡತಿಯ ಕಾರು. ನನ್ನದು ನಾಲ್ಕು ವರ್ಷದಿಂದ ರಸ್ತೆ ಮೇಲೆ, ಬಾಡಿಗೆಯಿಲ್ಲದೆ. ಮಕ್ಕಳು ನಡೆಯುವ ಜಾಗದಲ್ಲಿ ನನ್ನ ನಾಲ್ಕು ಚಕ್ರ ಇಟ್ಟು, ಊಟದ ಟೇಬಲ್ ಮುಂದೆ ಕೂತು "ನಮ್ ಊರು ಯಾಕಪ್ಪ ಹಿಂಗೆ" ಅಂತ ನಿಟ್ಟುಸಿರು ಬಿಡುತ್ತಿದ್ದವನು ನಾನು. "ಅವರ ಸಂಸ್ಕೃತಿ" ಅನ್ನೋ ಮಾತು ಯಾಕೆ ಅಷ್ಟು ಹಿತವಾಗಿದೆ ಅಂತ ಅವತ್ತು ಅರ್ಥವಾಯಿತು. ಆ ಮಾತು ಹೇಳಿದರೆ ನಾನು ಕಾರು ತೆಗೆಯಬೇಕಾಗಿಲ್ಲ. ಲಿಫ್ಟಿಗೆ ಐದು ರೂಪಾಯಿ ಹೆಚ್ಚು ಕೊಡಬೇಕಾಗಿಲ್ಲ. ವಾರ್ಡ್ ಆಫೀಸಿಗೆ ಹೋಗಿ ಫುಟ್‌ಪಾತಿನ ಅರ್ಜಿ ಹಿಡಿದು ನಿಲ್ಲಬೇಕಾಗಿಲ್ಲ. ತಪ್ಪೆಲ್ಲ "ನಮ್ ಜನ"ದ ಮೇಲೆ ಹಾಕಿ, ಆ ಜನದಲ್ಲಿ ನಾನಿಲ್ಲ ಅಂತ ನಟಿಸಬಹುದು.

ಆ ತಿಂಗಳೇ ಪಕ್ಕದ ಬಿಲ್ಡಿಂಗಿನಲ್ಲಿ ಖಾಲಿ ಬಿದ್ದಿದ್ದ ಒಂದು ಪಾರ್ಕಿಂಗ್ ಬಾಡಿಗೆಗೆ ಹಿಡಿದೆ. ತಿಂಗಳಿಗೆ ಎರಡು ಸಾವಿರ. ಆಫೀಸಿನಲ್ಲಿ ಹೇಳಿದರೆ ಬಿದ್ದು ಬಿದ್ದು ನಕ್ಕರು. "ನೀನೊಬ್ಬ ತೆಗೆದ್ರೆ ಬೆಂಗಳೂರು ಟೋಕಿಯೋ ಆಗ್ಬಿಡತ್ತಾ?" ಆಗಲ್ಲ. ನಾನು ಜಾಗ ಖಾಲಿ ಮಾಡಿದ ಮೂರನೇ ದಿನಕ್ಕೆ ಅಲ್ಲಿ ಇನ್ನೊಬ್ಬರ ಕಾರು ಬಂದು ನಿಂತಿತು. ಅದಕ್ಕೇ ಹೇಳ್ತಿರೋದು, ಒಬ್ಬೊಬ್ಬರ ಒಳ್ಳೆಯತನದಿಂದ ಇದು ಆಗುವ ಕೆಲಸವಲ್ಲ, ಕಾನೂನು ಬೇಕು ಅಂತ. ಆ ಕಾನೂನು ಬಂದರೆ ಮೊದಲು ಕೈ ಸುಡೋದು ನನ್ನಂಥವರದ್ದೇ. ಬರಲಿ ಅಂತ ಬಹಿರಂಗವಾಗಿ ಕೇಳುವ ಧೈರ್ಯ ನಮಗಿದೆಯಾ?

ಮಕ್ಕಳನ್ನು ಕರೆದುಕೊಂಡು ಟೋಕಿಯೋಗೆ ಹೋಗಿ. ಚಿಕ್ಕವರಿರುವಾಗಲೇ ಹೋಗಿ, ಸ್ಟ್ರೋಲರ್ ತಳ್ಳಿಕೊಂಡೇ ಹೋಗಿ. ಒಂದು ಊರು ಮಕ್ಕಳಿಗೆ ಏನು ಮಾಡಿದೆ, ಏನು ಮಾಡಿಲ್ಲ ಅನ್ನೋದು ಸ್ಟ್ರೋಲರ್ ತಳ್ಳುವವರಿಗೆ ಮಾತ್ರ ಪೂರ್ತಿ ಕಾಣುತ್ತೆ. ಆದರೆ ವಾಪಸ್ ಬಂದು "ಅವರ ಸಂಸ್ಕೃತಿ" ಅಂತ ಮಾತ್ರ ಹೇಳಬೇಡಿ. ಯಾವ ವರ್ಷ, ಯಾವ ಕಾನೂನು, ಯಾರು ಜಗಳ ಮಾಡಿದರು, ಖರ್ಚು ಯಾರು ಕೊಟ್ಟರು ಅಂತ ಕೇಳಿಕೊಂಡು ಬನ್ನಿ.

ನನ್ನ ಮಗಳು ಈಗಲೂ ದಿನಾ ಬೆಳಿಗ್ಗೆ ಕೇಳುತ್ತಾಳೆ, "ಇವತ್ತು ಒಬ್ಳೇ ಹೋಗ್ಲಾ?" ಅಂತ. ನಾನು ಈಗಲೂ ಅವಳ ಕೈ ಹಿಡಿದುಕೊಂಡೇ ಹಾಲು ತರ್ತಿದ್ದೀನಿ. ಎಂಬತ್ತು ಹೆಜ್ಜೆ.